ಉಮ್ಮಾ, 17 ಇಂಚು ಬೇಕು!



ಮಗ ದೊಡ್ಡವನಾಗಿ ಸಂಪಾದನೆಗೆ ತೊಡಗಿದ ಮನೆಗಳಲ್ಲಿ ಈಗ ಹೊಸದೊಂದು ಬೇಡಿಕೆ ಕೇಳಿ ಬರುತ್ತಿದೆ. ಮೊದಲು ಬೈಕ್ ಬೇಕೆಂಬ ಹಟ. ಬಳಿಕ ಕಾರು ಬೇಕೆಂಬ ಹಟ. ಕಾರು ಅಂಗಳಕ್ಕೆ ಬಂದು ಮೂರು ತಿಂಗಳು ಕಳೆಯುವಷ್ಟರಲ್ಲಿ ಅದರ ಚಕ್ರ ಬದಲಿಸಬೇಕೆಂಬ ಹಟ! ಇದ್ದ ಚಕ್ರಕ್ಕೆ ಏನಾಗಿದೆ ಎಂದು ಕೇಳಿ ನೋಡಿ. ಏನೂ ಆಗಿಲ್ಲ. ಚಿಕ್ಕದಾಗಿ ಕಾಣುತ್ತದೆ, ಅಷ್ಟೆ.

ಇತ್ತೀಚೆಗೆ ಓದುಗ ಸಹೋದರಿಯೊಬ್ಬರು ಇದೇ ವಿಷಯವಾಗಿ ಫೋನ್ ಮಾಡಿದ್ದರು. ಮಗ ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ ಕೊಂಡಿದ್ದಾನೆ. ಅದರಲ್ಲಿ 15 ಇಂಚಿನ ಚಕ್ರವಿದೆ, ಅವನಿಗೆ 17 ಬೇಕು. ತಂದೆ ಕೊಲ್ಲಿಯಲ್ಲಿದ್ದಾರೆ. “ಉಮ್ಮ ಒಪ್ಪಿದರೆ ಹಾಕಿಸು” ಎಂದು ಹೇಳಿ ಅವರು ಜಾರಿಕೊಂಡಿದ್ದಾರೆ. ಕಾರಿನ ಆರ್‌ಸಿ ಇರುವುದೂ ಉಮ್ಮನ ಹೆಸರಿನಲ್ಲಿ. “ನನಗೆ ಇದರಲ್ಲಿ ತಲೆಬುಡ ತಿಳಿಯುವುದಿಲ್ಲ. ಬೇಡವೆಂದರೆ ಮುಖ ಊದಿಸಿಕೊಳ್ಳುತ್ತಾನೆ, ಹೂಂ ಎನ್ನಲು ಭಯ. ಏನು ಮಾಡಲಿ?” ಎಂಬುದು ಅವರ ಪ್ರಶ್ನೆ.

ನಾನು ಪಾಠ ಹೇಳುವವನು, ಟಯರ್ ಅಂಗಡಿಯವನಲ್ಲ. ಆದರೆ ಈ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಲೆಕ್ಕ. ಅದೂ ಏಳನೇ ತರಗತಿಯ ಶೇಕಡಾ ಲೆಕ್ಕ. ಅಕ್ಕಿ, ಸಕ್ಕರೆ, ಶಾಲೆಯ ಫೀಸು ಎಲ್ಲವನ್ನೂ ತಿಂಗಳ ಕೊನೆಯವರೆಗೆ ಎಳೆಯುವ ನಿಮಗೆ ಇದು ಕಷ್ಟವೇ ಅಲ್ಲ. ಆದ್ದರಿಂದ ಮಗನಿಗೆ ಹೂಂ ಅಥವಾ ಊಹೂಂ ಎನ್ನುವ ಮೊದಲು ಒಂದು ಕಾಗದ, ಒಂದು ಪೆನ್ನು ಹಿಡಿದು ಅಂಗಳಕ್ಕೆ ಹೋಗಿ. ಕಾರಿನ ಪಕ್ಕ ಕುಳಿತು ಟಯರಿನ ಬದಿಯಲ್ಲಿ ಅಚ್ಚಾಗಿರುವುದನ್ನು ಓದಿ.

ಆ ಪೋಲೋದ ಟಯರಿನಲ್ಲಿ 185/60 R15 ಎಂದಿರುತ್ತದೆ. 185 ಎಂದರೆ ಟಯರಿನ ಅಗಲ, ಮಿಲಿಮೀಟರ್‌ಗಳಲ್ಲಿ. 60 ಎಂದರೆ ಟಯರಿನ ಬದಿಯ ಎತ್ತರ, ಅಗಲದ ಶೇಕಡಾ 60. ಅಂದರೆ 111 ಮಿ.ಮೀ. 15 ಎಂಬುದು ಒಳಗಿನ ಲೋಹದ ಡಿಸ್ಕ್‌ನ ಅಳತೆ, ಇಂಚುಗಳಲ್ಲಿ. ಒಂದು ಇಂಚಿಗೆ 25.4 ಮಿ.ಮೀ.ನಂತೆ ಗುಣಿಸಿದರೆ 381 ಮಿ.ಮೀ. ಈಗ ಮೇಲೆ 111, ಕೆಳಗೆ 111, ನಡುವೆ 381 ಕೂಡಿಸಿ. 603 ಮಿ.ಮೀ. ಬರುತ್ತದೆ. ಇದು ಇಡೀ ಚಕ್ರದ ಎತ್ತರ. ಈ 603ನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ. ಮುಂದಿನ ಎಲ್ಲ ಮಾತೂ ಇದರ ಸುತ್ತಲೇ.

ಯುವಕರು ‘ದೊಡ್ಡ ಚಕ್ರ’ ಎಂದು ಹೇಳುತ್ತಾರಲ್ಲ, ಸರಿಯಾಗಿ ಮಾಡಿದರೆ ಅಲ್ಲಿ ಚಕ್ರ ದೊಡ್ಡದಾಗುವುದೇ ಇಲ್ಲ! ದೊಡ್ಡದಾಗುವುದು ಒಳಗಿನ ಡಿಸ್ಕ್ ಮಾತ್ರ. ಅದು ಬೆಳೆದಷ್ಟು ಟಯರಿನ ಬದಿ ಕುಗ್ಗಬೇಕು. ಚಕ್ರದ ಒಟ್ಟು ಎತ್ತರ ಅದೇ 603ರ ಹತ್ತಿರ ಇರಬೇಕು. 195/50 R16 ಹಾಕಿದರೆ ಒಟ್ಟು ಎತ್ತರ 601, ಬದಿ 97 ಅಥವಾ 98. 215/40 R17 ಹಾಕಿದರೆ ಒಟ್ಟು 604, ಬದಿ ಬರೇ 86. ಅಂದರೆ 15ರಿಂದ 17ಕ್ಕೆ ಹೋದಾಗ ರಸ್ತೆಗೂ ಡಿಸ್ಕ್‌ಗೂ ನಡುವೆ ಇರುವ ಗಾಳಿ ತುಂಬಿದ ರಬ್ಬರಿನ ಹಾಸಿಗೆಯಲ್ಲಿ 25 ಮಿ.ಮೀ. ಕಳೆದುಹೋಯಿತು. ಎರಡು ಬೆರಳು ಜೋಡಿಸಿ ನೋಡಿದರೆ ಸುಮಾರು ಅಷ್ಟೇ ಅಗಲ. ಅಷ್ಟೇ ತಾನೇ ಎನ್ನಬೇಡಿ. ಹೊಂಡಕ್ಕೆ ಬಿದ್ದಾಗ ನಿಮ್ಮ ಬೆನ್ನಿಗೂ ಕಾರಿನ ಡಿಸ್ಕ್‌ಗೂ ಏಟು ತಗಲದಂತೆ ಮೊದಲು ತಡೆಯುವುದು ಆ ರಬ್ಬರ್ ಮತ್ತು ಅದರೊಳಗಿನ ಗಾಳಿ. ಸಸ್ಪೆನ್ಷನ್‌ನ ಕೆಲಸ ಆ ನಂತರದ್ದು.

ಹಾಗಾದರೆ ಕಾರು ಮಾಡುವ ಕಂಪೆನಿಗಳೇ ಯಾಕೆ ದೊಡ್ಡ ಡಿಸ್ಕ್ ಹಾಕುತ್ತವೆ ಎಂದು ಮಗ ಖಂಡಿತ ಕೇಳುತ್ತಾನೆ. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ನಮ್ಮೂರಿನ ಬೀದಿಗಳಲ್ಲಿ ಎಲ್ಲೆಲ್ಲೂ ಕಾಣುವ ಮಾರುತಿ ಸ್ವಿಫ್ಟನ್ನೇ ತೆಗೆದುಕೊಳ್ಳಿ. 2018ರಲ್ಲಿ ಬಂದ ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾದರಿಗಳಿಗೆ 165/80 R14 ಟಯರ್, ಹೆಚ್ಚು ಬೆಲೆಯದಕ್ಕೆ 185/65 R15. ಈಗ ನೀವೇ ಲೆಕ್ಕ ಹಾಕಿ. ಮೊದಲಿನದರ ಎತ್ತರ ಸುಮಾರು 620, ಎರಡನೆಯದು 621ಕ್ಕಿಂತ ಒಂದು ಕೂದಲೆಳೆ ಹೆಚ್ಚು. ಡಿಸ್ಕ್ ಒಂದು ಇಂಚು ಬೆಳೆಯಿತು, ಟಯರ್ 20 ಮಿ.ಮೀ. ಅಗಲವಾಯಿತು, ಚಕ್ರದ ಎತ್ತರದಲ್ಲಿ 2 ಮಿ.ಮೀ. ವ್ಯತ್ಯಾಸವೂ ಬರಲಿಲ್ಲ. ಬದಿಯೂ 132ರಿಂದ 120ಕ್ಕೆ ಇಳಿಯಿತು, ಅಷ್ಟೆ. ಮಾಡುವುದಿದ್ದರೆ ಹೀಗೆ ಮಾಡಬೇಕು.

ದೊಡ್ಡ ಡಿಸ್ಕ್‌ನಿಂದ ಲಾಭವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಬದಿ ಗಿಡ್ಡವಾದಾಗ ಟಯರ್ ತಿರುವಿನಲ್ಲಿ ಅಷ್ಟಾಗಿ ಬಳುಕುವುದಿಲ್ಲ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ. ಒಣ ರಸ್ತೆಯಲ್ಲಿ ಹಿಡಿತವೂ ಹೆಚ್ಚು. ಸಣ್ಣ ಕಾರಿಗೆ ಬಲವಾದ ಇಂಜಿನ್ ಕೂರಿಸಿದ ಮಾದರಿಗಳಿಗೆ, ಹುಡುಗರು ‘ಹಾಟ್ ಹ್ಯಾಚ್’ ಎಂದು ಕರೆಯುತ್ತಾರಲ್ಲ ಅವುಗಳಿಗೆ, ಇದು ಬೇಕಾದ ಗುಣವೇ. ಪೋಲೋ ಜಿಟಿ ಟಿಎಸ್‌ಐ 2013ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಾಗ 1.2 ಲೀಟರ್‌ನ ಪುಟ್ಟ ಟರ್ಬೊ ಇಂಜಿನ್‌ನಲ್ಲೇ 105 ಅಶ್ವಶಕ್ತಿ ಇತ್ತು. 2022ರಲ್ಲಿ ಪೋಲೋ ತಯಾರಿಕೆ ಇಲ್ಲಿ ನಿಂತಿತು. ಹಾಗಾಗಿ ಈಗ ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ. ಅದಕ್ಕೇ ಸಿಕ್ಕಿದವರು ಅದನ್ನು ಮದುಮಗಳಂತೆ ಸಿಂಗರಿಸುವುದು! ಕೊನೆಕೊನೆಯ ಜಿಟಿಗಳಿಗೆ ಕಂಪೆನಿಯೇ 195/55 R16 ಕೊಟ್ಟಿತ್ತು. ಅದರ ಬದಿ 107. ಗಮನಿಸಿ, ಕಂಪೆನಿ ಡಿಸ್ಕನ್ನು ಬೆಳೆಸಿತು, ಆದರೆ ರಬ್ಬರನ್ನು ಹೆಚ್ಚು ಕಡಿಮೆ ಮಾಡಲಿಲ್ಲ. 17 ಇಂಚಿಗೆ ಹೋಗಲೂ ಇಲ್ಲ.

ಮಗ ಜಪಾನಿನ ಉದಾಹರಣೆ ತಂದಾನು. ಅಲ್ಲಿನ ಸ್ವಿಫ್ಟ್ ಸ್ಪೋರ್ಟ್‌ಗೆ ಕಂಪೆನಿಯೇ 195/45 R17 ಕೊಟ್ಟಿತ್ತು. ನಿಜ. ಆ ಕಾರು ನಮ್ಮಲ್ಲಿ ಮಾರಾಟಕ್ಕೆ ಬರಲೇ ಇಲ್ಲ. ಅದರ ಸಸ್ಪೆನ್ಷನ್ ಬೇರೆ, ಅದು ಓಡುವ ರಸ್ತೆ ಬೇರೆ. ನೀವು ಇನ್ನೊಂದು ಉದಾಹರಣೆ ಕೊಡಿ. 1976ರಲ್ಲಿ ಜರ್ಮನಿಯಲ್ಲಿ ಬಂದ ಮೊದಲ ಗಾಲ್ಫ್ ಜಿಟಿಐ ಈ ಜಾತಿಯ ಕಾರುಗಳಿಗೆಲ್ಲ ಹೆಸರು ತಂದುಕೊಟ್ಟ ಕಾರು. 110 ಅಶ್ವಶಕ್ತಿಯ ಅದಕ್ಕಿದ್ದದ್ದು 13 ಇಂಚಿನ ಡಿಸ್ಕ್, 175/70 ಟಯರ್. ಅದನ್ನು ಯಾರೂ ಚಿಕ್ಕ ಚಕ್ರದ ಕಾರೆಂದು ಹೀಗಳೆಯಲಿಲ್ಲ.

ಇನ್ನು ನಮ್ಮ ರಸ್ತೆಗಳ ಮಾತಿಗೆ ಬರೋಣ. ಮಳೆಗಾಲದ ನಂತರ ಶಿರಾಡಿ ಘಾಟಿ ಇಳಿದು ಬಂದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನೀರು ತುಂಬಿದ ಹೊಂಡ ಎಷ್ಟು ಆಳವಿದೆ ಎಂದು ಚಕ್ರ ಅದಕ್ಕೆ ಇಳಿದ ಮೇಲೆಯೇ ತಿಳಿಯುವುದು. ದಪ್ಪ ಬದಿಯ ಟಯರ್ ಆಗ ಮಡಚಿ ಏಟನ್ನು ನುಂಗುತ್ತದೆ. ಗಿಡ್ಡ ಬದಿಯ ಟಯರಿಗೆ ಮಡಚಲು ಜಾಗವೆಲ್ಲಿದೆ? ಹೊಂಡದ ಅಂಚಿಗೂ ಡಿಸ್ಕ್‌ಗೂ ನಡುವೆ ಸಿಕ್ಕಿ ಜಜ್ಜಿ ಹೋಗುತ್ತದೆ. ಕೆಲವೊಮ್ಮೆ ಡಿಸ್ಕ್ ಬಾಗುತ್ತದೆ, ಸೀಳು ಬಿಡುವುದೂ ಉಂಟು. ಕೆಲವೊಮ್ಮೆ ಹೊರಗೆ ಏನೂ ಕಾಣದೆ ಒಳಗಿನ ನೂಲುಗಳು ಹರಿದು, ಎರಡು ದಿನ ಬಿಟ್ಟು ಟಯರಿನ ಬದಿಯಲ್ಲಿ ನಿಂಬೆಹಣ್ಣಿನಂತೆ ಗುಳ್ಳೆಯೊಂದು ಏಳುತ್ತದೆ. ಗುಳ್ಳೆ ಎದ್ದ ಟಯರಿಗೆ ಪಂಕ್ಚರ್ ಅಂಗಡಿಯಲ್ಲಿ ಔಷಧವಿಲ್ಲ. ಹೆದ್ದಾರಿಯಲ್ಲಿ ಅದು ಯಾವ ಕ್ಷಣದಲ್ಲೂ ಒಡೆಯಬಹುದು. ಬಿಸಾಡಿ ಹೊಸದು ಹಾಕುವುದೊಂದೇ ದಾರಿ. ನಿಮ್ಮ ಮನೆಯ ಕಾರಿನ ನಾಲ್ಕೂ ಟಯರುಗಳ ಬದಿಯನ್ನು, ಒಳಮೈಯನ್ನೂ ಸೇರಿಸಿ, ತಿಂಗಳಿಗೊಮ್ಮೆ ಕೈಯಾಡಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಅಗಲ ಟಯರಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ಎಲ್ಲರಲ್ಲೂ ಇದೆ. ಅಗಲವಾದಷ್ಟೂ ಹೆಚ್ಚು ರಬ್ಬರ್ ನೆಲಕ್ಕೆ ತಾಗುತ್ತದೆ, ಆದ್ದರಿಂದ ಮಳೆಯಲ್ಲೂ ಹೆಚ್ಚು ಹಿಡಿತ ಎಂದು. ಕಾರಿನ ಭಾರ ಅಷ್ಟೇ, ಟಯರಿನ ಗಾಳಿಯೂ ಅಷ್ಟೇ ಇದ್ದರೆ ನೆಲಕ್ಕೆ ತಾಗುವ ಜಾಗ ಬಹಳವೇನೂ ಹೆಚ್ಚುವುದಿಲ್ಲ. ಅದರ ಆಕಾರ ಬದಲಾಗುತ್ತದೆ. ಒಂದೇ ಉಂಡೆ ಹಿಟ್ಟನ್ನು ಉದ್ದಕ್ಕೂ ಲಟ್ಟಿಸಬಹುದು, ಅಡ್ಡಕ್ಕೂ ಲಟ್ಟಿಸಬಹುದು, ಹಿಟ್ಟು ಮಾತ್ರ ಅಷ್ಟೇ. ಅಡ್ಡಕ್ಕೆ ಹರಡಿದ ಟಯರ್ ನೀರು ನಿಂತ ರಸ್ತೆಯಲ್ಲಿ ಹೆಚ್ಚು ನೀರನ್ನು ಬದಿಗೆ ತಳ್ಳಬೇಕಾಗುತ್ತದೆ. ತಳ್ಳಲು ಆಗದಿದ್ದಾಗ ಟಯರ್ ನೆಲವನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆ ಕ್ಷಣದಲ್ಲಿ ಬ್ರೇಕ್ ಒತ್ತಿದರೂ ಸ್ಟಿಯರಿಂಗ್ ತಿರುಗಿಸಿದರೂ ಕಾರು ಮಾತು ಕೇಳುವುದಿಲ್ಲ. ವರ್ಷಕ್ಕೆ 3500 ಮಿ.ಮೀ. ದಾಟಿ ಮಳೆ ಸುರಿಯುವ ಕರಾವಳಿಯವರು ನಾವು. ಜೂನ್, ಜುಲೈಯಲ್ಲಿ ಹೆದ್ದಾರಿ 66ರ ಅಂಚಿನಲ್ಲಿ ನೀರು ನಿಲ್ಲುವುದನ್ನು ಕಾಣದವರು ಯಾರು? ಸವೆದ ಅಗಲ ಟಯರಿಗಿಂತ ಒಳ್ಳೆಯ ಗೆರೆಗಳಿರುವ ಸಾಧಾರಣ ಅಗಲದ ಹೊಸ ಟಯರ್ ಎಷ್ಟೋ ಪಾಲು ಮೇಲು. ಟಯರಿನ ಗೆರೆಯ ಆಳ 1.6 ಮಿ.ಮೀ.ಗೆ ಇಳಿದರೆ ಅದರ ಕಾಲ ಮುಗಿಯಿತೆಂದು ಅರ್ಥ. ನಮ್ಮ ಮಳೆಗೆ ಅದಕ್ಕೂ ಮೊದಲೇ ಬದಲಿಸುವುದು ಜಾಣತನ.

ಅಂಗಡಿಯಲ್ಲಿ ಎಚ್ಚರ ವಹಿಸಬೇಕಾದ ಒಂದು ಮಾತು. ತಮ್ಮಲ್ಲಿ ದಾಸ್ತಾನು ಇರುವುದನ್ನೇ ದಾಟಿಸುವವರಿದ್ದಾರೆ. ದೊಡ್ಡ ಸೆಡಾನ್‌ಗಳಿಗೆ ಬರುವ 205/55 R16 ಹೇರಳವಾಗಿ ಸಿಗುತ್ತದೆ. “ಅದೇ 16 ಇಂಚು, ಇನ್ನೂ ಗಟ್ಟಿ” ಎನ್ನುತ್ತಾರೆ. ನಿಮ್ಮ ಕಾಗದದ 603ನ್ನು ಹೊರತೆಗೆಯಿರಿ. ಇದರ ಎತ್ತರ 632. ಸುಮಾರು ಶೇಕಡಾ 5 ಹೆಚ್ಚು. ಮೊದಲು ಮೀಟರ್ 80 ತೋರಿಸುತ್ತಿದ್ದ ವೇಗದಲ್ಲೇ ಈಗ ಅದು 76 ತೋರಿಸುತ್ತದೆ. ಮಗ ನಿಧಾನವಾಗಿ ಹೋಗುತ್ತಿದ್ದೇನೆಂದು ನಂಬಿ ಬೇಗ ಹೋಗುತ್ತಾನೆ. ಚಕ್ರ ಮಡ್‌ಗಾರ್ಡ್‌ಗೆ ಉಜ್ಜುತ್ತದೆ. ವ್ಯತ್ಯಾಸ ಶೇಕಡಾ 3ನ್ನು ದಾಟಕೂಡದು, ಒಂದೆರಡರೊಳಗೆ ಇದ್ದರೆ ಉತ್ತಮ. ನಾಲ್ಕೂ ಚಕ್ರ ಒಂದೇ ಅಳತೆಯದ್ದಾಗಿರಬೇಕು. ಎಬಿಎಸ್ ಮುಂತಾದ ವ್ಯವಸ್ಥೆಗಳು ಚಕ್ರಗಳ ತಿರುಗುವಿಕೆಯನ್ನು ಒಂದಕ್ಕೊಂದು ಹೋಲಿಸಿಯೇ ಕೆಲಸ ಮಾಡುತ್ತವೆ.

ಅಳತೆಯ ಕೊನೆಗೆ 84H ಎಂಬಂತಹ ಗುರುತು ಇರುತ್ತದೆ. 84 ಎಂದರೆ ಒಂದು ಟಯರ್ 500 ಕಿಲೊ ಹೊರಬಲ್ಲದು, H ಎಂದರೆ ಗಂಟೆಗೆ 210 ಕಿ.ಮೀ. ವೇಗವನ್ನು ತಾಳಬಲ್ಲದು. ಹೊಸ ಟಯರಿನಲ್ಲಿ ಇವೆರಡೂ ಹಳೆಯದಕ್ಕಿಂತ ಕಡಿಮೆ ಇರಬಾರದು. ಬದಿಯಲ್ಲಿ ಐಎಸ್‌ಐ ಗುರುತೂ ನಾಲ್ಕಂಕಿಯ ತಯಾರಿಕೆಯ ಸಂಖ್ಯೆಯೂ ಇರುತ್ತವೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಿಯಾಯಿತಿಯಲ್ಲಿ ಸಿಗುವ ಟಯರಿನ ವಯಸ್ಸು ಕೇಳುವುದು, ಮೀನು ಕೊಳ್ಳುವಾಗ ಕಿವಿರು ತೆರೆದು ನೋಡಿದ ಹಾಗೆ. ನಾಚಿಕೆ ಬೇಡ.

ಡಿಸ್ಕ್‌ನ ಆಯ್ಕೆ ಇದಕ್ಕಿಂತ ಸೂಕ್ಷ್ಮ. ನನ್ನ ಮಟ್ಟಿಗೆ ಹೇಳುವುದಾದರೆ ನಿಜವಾದ ಅಪಾಯ ಇರುವುದು ಇಲ್ಲಿಯೇ. ಹೆಚ್ಚಿನವರು ಕೇಳದೆ ಬಿಡುವುದೂ ಇದನ್ನೇ. ಸ್ವಿಫ್ಟ್‌ನ ಚಕ್ರಕ್ಕೆ ನಾಲ್ಕು ಬೋಲ್ಟ್, ಪೋಲೋಗೆ ಐದು. ಎರಡರಲ್ಲೂ ಅವು 100 ಮಿ.ಮೀ. ವೃತ್ತದಲ್ಲಿ ಕೂರುತ್ತವೆ. ಸ್ವಲ್ಪ ವ್ಯತ್ಯಾಸವಿರುವ ಡಿಸ್ಕನ್ನು ತೂತು ದೊಡ್ಡದು ಮಾಡಿ ಕೂರಿಸುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಪೋಲೋ ಡಿಸ್ಕ್‌ನ ನಡುವಿನ ತೂತು 57.1 ಮಿ.ಮೀ. ಹೊರಗಿನ ಮ್ಯಾಗ್ ವೀಲ್‌ಗಳಲ್ಲಿ ಎಲ್ಲ ಕಾರುಗಳಿಗೂ ಆಗಲೆಂದು ಅದನ್ನು ದೊಡ್ಡದಾಗಿಯೇ ಬಿಟ್ಟಿರುತ್ತಾರೆ. ಆ ಅಂತರವನ್ನು ತುಂಬಲು ಒಂದು ಬಳೆಯಂತಹ ರಿಂಗ್ ಹಾಕಬೇಕು, ಇಲ್ಲದಿದ್ದರೆ ಡಿಸ್ಕ್ ಸರಿಯಾಗಿ ನಡುವಿನಲ್ಲಿ ಕೂರದೆ ವೇಗದಲ್ಲಿ ಸ್ಟಿಯರಿಂಗ್ ನಡುಗಬಹುದು. ಅದಕ್ಕಿಂತ ದೊಡ್ಡ ವಿಷಯ ಬೋಲ್ಟ್‌ನದ್ದು. ಪೋಲೋದ ಕಂಪೆನಿ ಬೋಲ್ಟ್‌ನ ತಲೆಯ ಕೆಳಭಾಗ ಗುಂಡಗಿರುತ್ತದೆ. ಹೊರಗಿನ ಹೆಚ್ಚಿನ ಡಿಸ್ಕ್‌ಗಳಲ್ಲಿ ಬೋಲ್ಟ್ ಕೂರುವ ಗುಳಿ ಲಾಳಿಕೆಯಂತೆ ಇಳಿಜಾರಾಗಿರುತ್ತದೆ. ಗುಂಡು ಬೋಲ್ಟನ್ನು ಅದರಲ್ಲಿ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ಆದರೆ ಕೂತಿರುವುದು ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ. ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಹೊಸ ಡಿಸ್ಕ್‌ಗೆ ಹೊಂದುವ ಹೊಸ ಬೋಲ್ಟ್ ಕೊಡುತ್ತೀರಾ ಎಂದು ಕೇಳಿ. ಅಂಗಡಿಯವನ ಉತ್ತರದಿಂದಲೇ ಅವನಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ಎಂದು ತಿಳಿಯುತ್ತದೆ.

ಡಿಸ್ಕ್‌ನ ಹಿಂಬದಿಯಲ್ಲಿ ET ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆಯಿರುತ್ತದೆ. ಹಳೆಯದರ ಸಂಖ್ಯೆಗಿಂತ ಹೊಸದರದ್ದು ಕಡಿಮೆಯಾದಷ್ಟೂ ಚಕ್ರ ಹೊರಗೆ ಚಾಚುತ್ತದೆ. ನೋಡಲು ಸೊಗಸು. ಆದರೆ ಭಾರವೆಲ್ಲ ಬೇರಿಂಗ್ ಮೇಲೆ ಓರೆಯಾಗಿ ಬೀಳುತ್ತದೆ, ಕೆಸರೆಲ್ಲ ಬಾಗಿಲಿಗೆ ಹಾರುತ್ತದೆ. ತೂಕವನ್ನೂ ನೋಡಬೇಕು. ದೊಡ್ಡ ಡಿಸ್ಕ್ ಹೆಚ್ಚಾಗಿ ಭಾರವೂ ಹೌದು. ಭಾರದ ಚಕ್ರವನ್ನು ತಿರುಗಿಸಲೂ ನಿಲ್ಲಿಸಲೂ ಹೆಚ್ಚು ಶಕ್ತಿ ಬೇಕು. ವೇಗದ ಕಾರೆಂದು ಕೊಂಡದ್ದನ್ನು ದುಡ್ಡು ಕೊಟ್ಟು ನಿಧಾನ ಮಾಡಿಸಿಕೊಂಡಂತಾಗುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಹಳೆಯ ಚಕ್ರ ಮತ್ತು ಹೊಸ ಚಕ್ರ ಎರಡನ್ನೂ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ ನೋಡು ಎಂದು ಮಗನಿಗೆ ಹೇಳಿ. ಹಟ ಅಲ್ಲಿಯೇ ಸ್ವಲ್ಪ ಇಳಿದೀತು.

ಕಾನೂನಿನ ವಿಷಯವನ್ನು ಆರ್‌ಸಿ ತಮ್ಮ ಹೆಸರಿನಲ್ಲಿರುವ ಸಹೋದರಿಯರು ಗಮನವಿಟ್ಟು ಓದಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ನಿಯಮ ಮೀರಿದ ಪ್ರತಿಯೊಂದು ಮಾರ್ಪಾಟಿಗೆ ಮಾಲಕರಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಎಂದು ಸೇರಿಸಲಾಯಿತು. ‘ಮಾಲಕ’ ಎಂದರೆ ಕಾರು ಓಡಿಸುವ ಮಗನಲ್ಲ, ಆರ್‌ಸಿಯಲ್ಲಿ ಹೆಸರಿರುವ ನೀವು! ಅದೇ ಕಾರಿನ ಮೇಲಿನ ಮಾದರಿಗೆ ಕಂಪೆನಿ ಕೊಟ್ಟ ಅಳತೆಯೊಳಗೆ ಉಳಿದರೆ ಆಕ್ಷೇಪಕ್ಕೆ ಆಸ್ಪದ ಕಡಿಮೆ. ಅದನ್ನು ದಾಟಿ ಚಕ್ರ ಹೊರಗೆ ಚಾಚಿದರೆ ತಡೆದು ನಿಲ್ಲಿಸಲು ಒಂದು ನೆಪ ಸಿಕ್ಕಂತೆ. ವಿಮಾ ಕಂಪೆನಿಗೂ ಮೊದಲೇ ಪತ್ರ ಬರೆದು ತಿಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅಪಘಾತವಾದ ಮೇಲೆ “ನೀವು ತಿಳಿಸಿರಲಿಲ್ಲ” ಎಂಬ ಮಾತು ಕೇಳಬೇಕಾಗಿ ಬಾರದಿರಲಿ.

ಹಾಗಾದರೆ ಆ ಸಹೋದರಿಗೆ ನಾನು ಏನು ಹೇಳಿದೆ? 17 ಬೇಡ. ಹಳೆಯ ಡಿಸ್ಕನ್ನೇ ಇಟ್ಟು ಅದೇ ಅಳತೆಯಲ್ಲಿ ಒಳ್ಳೆಯ ದರ್ಜೆಯ ನಾಲ್ಕು ಹೊಸ ಟಯರ್ ಹಾಕಿಸಿದರೆ ಖರ್ಚೂ ಕಡಿಮೆ, ಹಿಡಿತವೂ ಹೆಚ್ಚು. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹಳೆಯ ಮಾಲಕ ಬಿಟ್ಟು ಹೋದ ಟಯರುಗಳ ವಯಸ್ಸು ಎಷ್ಟೆಂದು ಮೊದಲು ನೋಡಲಿ. ಅವನಿಗೆ ಅಂದ ಬೇಕೇ ಬೇಕೆಂದಿದ್ದರೆ 16 ಇಂಚು, ಕಂಪೆನಿಯೇ ಕೊಟ್ಟ 195/55ರಲ್ಲಿ. ರಬ್ಬರು ಹೆಚ್ಚು ಕಡಿಮೆಯಾಗುವುದಿಲ್ಲ. ಎತ್ತರ ಶೇಕಡಾ 3ರಷ್ಟು ಏರುತ್ತದೆ, ಅದು ಮಿತಿಯ ಅಂಚು. ಕಂಪೆನಿ ತಾನೇ ಅದೇ ಜಿಟಿಗೆ ಹಾಕಿದ ಅಳತೆಯಾದ್ದರಿಂದ ಒಪ್ಪಬಹುದು. ದುಡ್ಡು ಅವನದ್ದೇ ಆಗಲಿ. ನಾಲ್ಕು ಡಿಸ್ಕ್, ನಾಲ್ಕು ಟಯರ್ ಎಂದರೆ ಹತ್ತು ಸಾವಿರಗಳಲ್ಲಿ ಎಣಿಸುವ ಹಣ, ತಂದೆ ಮನೆ ಖರ್ಚಿಗೆ ಕಳುಹಿಸಿದ್ದರಿಂದ ಅದು ಹೋಗಬಾರದು.

ಆ ಮನೆಯಲ್ಲಿ ಸೊಂಟ ನೋವಿನ ಅಜ್ಜಿಯೊಬ್ಬರಿದ್ದಾರೆ, ತಿಂಗಳಿಗೆರಡು ಬಾರಿ ಮಂಗಳೂರಿನ ಆಸ್ಪತ್ರೆಗೆ ಇದೇ ಕಾರಿನಲ್ಲಿ ಹೋಗಬೇಕು. ಪೋಲೋದ ಹಿಂದಿನ ಸೀಟು ಮೊದಲೇ ಇಕ್ಕಟ್ಟು. ಮಗ ಮುಂದೆ ಕೂತು ಸ್ಟಿಯರಿಂಗ್ ಹಿಡಿದಿರುತ್ತಾನೆ, ಹೊಂಡ ಬರುವುದು ಅವನಿಗೆ ಕಾಣುತ್ತದೆ, ಮೈ ಬಿಗಿ ಹಿಡಿಯುತ್ತಾನೆ. ಹಿಂದೆ ಕೂತ ಅಜ್ಜಿಗೆ ಅದು ಕಾಣುವುದಿಲ್ಲ. ಗೆಳೆಯನ ಕಾರಿನಲ್ಲಿ 17 ಇಂಚು ಇದ್ದರೆ ಅದರ ಹಿಂದಿನ ಸೀಟಿನಲ್ಲಿ ಕುಳಿತು ನಿಮ್ಮೂರಿನಿಂದ ಬಿ.ಸಿ.ರೋಡ್‌ವರೆಗೆ ಒಮ್ಮೆ ಹೋಗಿ ಬರಲಿ, ಆಮೇಲೆ ಮಾತಾಡೋಣ ಎಂದು ಹೇಳಿದೆ.

ಹಾಕಿಸುವುದೇ ಆದರೆ ಹಣ ಕೊಡುವ ಮೊದಲು ಒಂದು ಚಕ್ರ ಜೋಡಿಸಿ, ಮನೆಯ ಐದು ಮಂದಿಯನ್ನೂ ಕೂರಿಸಿ, ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು. ಆ ಬಳಿಕ ಚಕ್ರವನ್ನು ಹಿಂದಕ್ಕೂ ಹಾಕಿ ಉಬ್ಬು ಹತ್ತಿಸಿ ನೋಡಬೇಕು. ಒಬ್ಬನೇ ಕುಳಿತಾಗ ಉಜ್ಜದ ಚಕ್ರ ಐದು ಮಂದಿ ಕುಳಿತಾಗ ಉಜ್ಜುತ್ತದೆ. ಬೋಲ್ಟನ್ನು ಗಾಳಿಯ ಯಂತ್ರದಿಂದ ಬಿಗಿದು ಕಳುಹಿಸಿದರೆ ಸಾಲದು, ಟಾರ್ಕ್ ರೆಂಚ್‌ನಿಂದ 120 ನ್ಯೂಟನ್ ಮೀಟರ್‌ಗೆ ಬಿಗಿಯಲು ಹೇಳಿ. ನೂರು ಕಿಲೋಮೀಟರ್ ಓಡಿದ ಬಳಿಕ ಇನ್ನೊಮ್ಮೆ ಅದೇ ರೆಂಚ್ ಹಾಕಿ ನೋಡಬೇಕು. ಸ್ಟೆಪ್ನಿ ಹಳೆಯ ಅಳತೆಯದ್ದೇ ಉಳಿಯುತ್ತದೆ, ಅದಕ್ಕೆ ಹೊಂದುವ ಹಳೆಯ ಬೋಲ್ಟ್‌ಗಳನ್ನು ಡಿಕ್ಕಿಯಲ್ಲಿ ಬಟ್ಟೆಯಲ್ಲಿ ಕಟ್ಟಿ ಇಡಿ, ರಾತ್ರಿ ಪಂಕ್ಚರ್ ಆದಾಗ ಹೊಸ ಬೋಲ್ಟ್ ಅದಕ್ಕೆ ಹಿಡಿಯುವುದಿಲ್ಲ. ತೆಗೆದ ನಾಲ್ಕು ಡಿಸ್ಕ್‌ಗಳನ್ನು ಅಂಗಡಿಯವನಿಗೆ ಅಗ್ಗಕ್ಕೆ ಬಿಟ್ಟು ಬರಬೇಡಿ. ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ಕಾರು ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅವನ್ನೇ.